ಕಾರ್ಡಿನಲ್ಲಿ ಜಿಂಕೆ ಇಲ್ಲವೇ? ಕ್ಯಾಮೆರಾ ಬಿಚ್ಚುವ ಮೊದಲು ನೆಲ ನೋಡಿ

ಪ್ರಾಣಿ ಮುಂದೆ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾವನ್ನು ಹೊಲದ ಮರಕ್ಕೆ ಕಟ್ಟಿರುತ್ತೀರಿ. ಹತ್ತು ದಿನ ಬಿಟ್ಟು ಅದರ ಮೆಮೊರಿ ಕಾರ್ಡ್ ತಂದು ಫೋನಿಗೆ ಹಾಕುತ್ತೀರಿ. ಒಂದೂ ಜಿಂಕೆ ಇಲ್ಲ. ಹೋದ ತಿಂಗಳು ಇದೇ ಮರ, ಇದೇ ಕ್ಯಾಮೆರಾ, ರಾತ್ರಿಗೆ ಮೂವತ್ತು ನಲವತ್ತು ಫೋಟೊ ಬರುತ್ತಿದ್ದವು. ಈಗ ಏನಾಯಿತು?

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ, ಹಾಸನೂರು ಕಡೆ ಕಾಡಂಚಿನಲ್ಲಿ ಹೊಲ ಇರುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. "ಅಣ್ಣ, ಮಿಷಿನ್ ಕೆಟ್ಟೋಗದೆ ಅನ್ಸುತ್ತೆ, ಒಸಿ ನೋಡಿ" ಅಂತ ಕ್ಯಾಮೆರಾ ತಂದು ಕೈಗಿಡುತ್ತಾರೆ. ಬಹಳ ಸಲ ಮಿಷಿನ್‌ಗೆ ಏನೂ ಆಗಿರುವುದಿಲ್ಲ. ಕಾಲ ಬದಲಾಗಿರುತ್ತದೆ, ಜಿಂಕೆ ಜಾಗ ಬದಲಿಸಿರುತ್ತದೆ, ಕ್ಯಾಮೆರಾ ಮಾತ್ರ ಹಳೇ ಮರದಲ್ಲೇ ಇರುತ್ತದೆ. ಹಾಗಂತ ಕ್ಯಾಮೆರಾ ಕೆಡುವುದೇ ಇಲ್ಲ ಅಂತಲ್ಲ. ಸೆಲ್ ಸಾಯುತ್ತದೆ, ನೀರು ಹೋಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ಈ ಎರಡು ತರದ ತೊಂದರೆಯನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆರು ವರ್ಷದಿಂದ ಮೂರು ಕ್ಯಾಮೆರಾ ಇಟ್ಟುಕೊಂಡು ನಡೆಸಿ ಕಲಿತದ್ದು.

ಮೊದಲೇ ಒಂದು ಮಾತು. ನಮ್ಮ ಬೇಲಿ ಮುಗಿದಲ್ಲಿಂದ ಸತ್ಯಮಂಗಲ ಹುಲಿ ಮೀಸಲು ಕಾಡು ಶುರು. 2013ರಲ್ಲಿ ಹುಲಿ ಮೀಸಲು ಅಂತ ಘೋಷಣೆಯಾದ, ಸುಮಾರು 1,400 ಚದರ ಕಿಲೋಮೀಟರ್ ಕಾಡು ಅದು. ಅದರೊಳಗೆ ಹೋಗಿ ಕ್ಯಾಮೆರಾ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ನಾನು ಹೇಳುವುದೆಲ್ಲ ನಮ್ಮ ನಮ್ಮ ಪಟ್ಟಾ ಜಮೀನಿನ ಒಳಗೆ, ಬೇಲಿಯ ಈಚೆ ಕಟ್ಟುವ ಕ್ಯಾಮೆರಾ ಬಗ್ಗೆ. ಯಾವ ಪ್ರಾಣಿ ಎಲ್ಲಿಂದ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗೊತ್ತಾದರೆ ಬೇಲಿಯನ್ನು ಎಲ್ಲಿ ಗಟ್ಟಿ ಮಾಡಬೇಕು, ಕಾವಲಿಗೆ ಯಾವ ಮೂಲೆಯಲ್ಲಿ ಕೂರಬೇಕು ಅಂತ ತಿಳಿಯುತ್ತದೆ. ಅಷ್ಟಕ್ಕೆ ಮಾತ್ರ ಇದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಯಾರಾದರೂ ಜಿಂಕೆ ಓಡಾಡುವ ಹೊತ್ತು ಜಾಗ ಸುಮ್ನೆ ಕೇಳುತ್ತಿದ್ದಾರೆ ಅನ್ನಿಸಿದರೆ ಹೇಳಬೇಡಿ.

ನೆಲ ಏನು ಹೇಳುತ್ತದೆ

ಕ್ಯಾಮೆರಾ ಬಿಚ್ಚಬೇಡಿ. ಮರದ ಹತ್ತಿರ ಹೋಗಿ, ಅದರ ಮುಂದೆ ಐದಾರು ಮೀಟರ್ ದೂರದವರೆಗೆ ಕುಕ್ಕರಗಾಲಲ್ಲಿ ಕೂತು ನೆಲ ನೋಡಿ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಹೆಜ್ಜೆ ಚೆನ್ನಾಗಿ ಕಾಣುತ್ತದೆ. ಜಿಂಕೆ ಗೊರಸು ಎರಡು ಸೀಳು, ಮುಂದೆ ಚೂಪು, ಎಳೆ ಅರಳಿ ಎಲೆಯ ತರ. ಕಡವೆಯದು ಹಸುವಿನ ಕರುವಿನ ಹೆಜ್ಜೆಯಷ್ಟು ದೊಡ್ಡದು. ಕಾಡುಕುರಿಯದು, ಅಂದರೆ ಬೊಗಳುವ ಸಣ್ಣ ಜಿಂಕೆಯದು, ಬಹಳ ಸಣ್ಣದು. ಮೇಕೆ ಹೆಜ್ಜೆ ಜಿಂಕೆಯದಕ್ಕೆ ಹತ್ತಿರ ಹೋಲುತ್ತದೆ, ಆದರೆ ತುದಿ ಅಷ್ಟು ಚೂಪಲ್ಲ. ಹಿಂದಿನ ದಿನ ಅಲ್ಲಿ ಮೇಕೆ ಮೇಯಿಸಿದ್ದಾರಾ ಅಂತ ಪಕ್ಕದ ಹೊಲದವರನ್ನು ಒಂದು ಮಾತು ಕೇಳಿಬಿಡಿ.

ಈಗ ಮೂರು ಸಾಧ್ಯತೆ. ಹೊಸ ಹೆಜ್ಜೆ ಇದೆ, ಕಾರ್ಡಿನಲ್ಲಿ ಫೋಟೊ ಇಲ್ಲ ಅಂದರೆ ತಪ್ಪು ಕ್ಯಾಮೆರಾದ್ದು ಅಥವಾ ನೀವು ಅದನ್ನು ಕಟ್ಟಿದ ರೀತಿಯದ್ದು. ಹೆಜ್ಜೆಯೂ ಇಲ್ಲ, ಫೋಟೊವೂ ಇಲ್ಲ ಅಂದರೆ ಕ್ಯಾಮೆರಾವನ್ನು ಬೈಯಬೇಡಿ, ಜಾಗ ಬದಲಿಸಿ. ಫೋಟೊ ಸಾವಿರ ಇದೆ, ಒಂದರಲ್ಲೂ ಪ್ರಾಣಿ ಇಲ್ಲ ಅಂದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಭರಣಿ ಮಳೆ ಬಿದ್ದ ಮೇಲೆ

ಈ ಪಾಠ ನನಗೆ ಸಿಕ್ಕಿದ್ದು ಒಂದು ಮೇ ತಿಂಗಳಲ್ಲಿ. ನಮ್ಮ ಹೊಲದ ಮೇಲಿನ ತುದಿಯಲ್ಲಿ ಒಂದು ಸಣ್ಣ ಕಟ್ಟೆ ಇದೆ. ಮಾರ್ಚಿಯಿಂದ ಏಪ್ರಿಲ್ ಕೊನೆಯವರೆಗೆ ಸುತ್ತಮುತ್ತ ನೀರಿದ್ದದ್ದು ಅದೊಂದರಲ್ಲೇ. ದಿನಾ ಸಂಜೆ ಆರೂವರೆಗೆ ಜಿಂಕೆ ಹಿಂಡು, ರಾತ್ರಿ ಹನ್ನೊಂದರ ಮೇಲೆ ಒಂದೋ ಎರಡೋ ಕಡವೆ. ಕ್ಯಾಮೆರಾಕ್ಕೆ ಬಿಡುವೇ ಇರಲಿಲ್ಲ. ಭರಣಿ ಮಳೆ ಎರಡು ದಿನ ಚೆನ್ನಾಗಿ ಹೊಯ್ದಿತು. ಅದಾದ ಮೇಲೆ ಹನ್ನೊಂದು ದಿನ ಕಾರ್ಡು ಖಾಲಿ.

ನಾನು ಸೆಲ್ ಬದಲಿಸಿದೆ. ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಮಳೆ ನೀರು ಒಳಗೆ ಹೋಗಿದೆಯೇನೋ ಅಂತ ಒಂದು ದಿನ ಬಿಸಿಲಿಗಿಟ್ಟೆ. ಹೊಸ ಕಾರ್ಡಿಗೆ ಅಂತ ಚಾಮರಾಜನಗರಕ್ಕೂ ಹೋಗಿ ಬಂದೆ. ಮತ್ತೆ ಕಟ್ಟಿದೆ. ಮತ್ತೆ ಖಾಲಿ.

ಆ ವಾರ ನಮ್ಮ ಹೊಲಕ್ಕೆ ಸೋಲಿಗರ ಅಜ್ಜ ಒಬ್ಬರು ಕೆಲಸಕ್ಕೆ ಬಂದಿದ್ದರು. ನಾನು ಕ್ಯಾಮೆರಾ ಬಿಚ್ಚುವುದನ್ನು ನೋಡಿ ಹತ್ತಿರ ಬಂದರು. ಕ್ಯಾಮೆರಾ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟೆ ಅಂಚಿನ ಕೆಸರಿನ ಹತ್ತಿರ ಕೂತರು. "ಇಲ್ಲಿ ನೋಡು ಮಗ" ಅಂತ ಬೆರಳಿಟ್ಟು ತೋರಿಸಿದರು. ಕೆಸರಿನ ತುಂಬಾ ಜಿಂಕೆ ಹೆಜ್ಜೆಗಳಿದ್ದವು. ಆದರೆ ಪ್ರತಿ ಹೆಜ್ಜೆಯ ಒಳಗೂ ಸಣ್ಣ ಸಣ್ಣ ಗುಳಿ, ಎಳ್ಳು ಚೆಲ್ಲಿದ ಹಾಗೆ. ಮಳೆ ಹನಿ ಬಿದ್ದು ಆದ ಗುಳಿ. ಹೆಜ್ಜೆಯ ಅಂಚು ಕರಗಿ ಮೊಂಡಾಗಿತ್ತು. ಅಂದರೆ ಹೆಜ್ಜೆ ಮೊದಲು, ಮಳೆ ಆಮೇಲೆ. ಮಳೆ ಗುಳಿಯನ್ನು ತುಳಿದು ಅಳಿಸಿದ ಹೆಜ್ಜೆ ಒಂದೂ ಇರಲಿಲ್ಲ. ಮಳೆ ಬಿದ್ದ ಮೇಲೆ ಒಂದು ಜಿಂಕೆಯೂ ಆ ಕಟ್ಟೆಗೆ ಇಳಿದಿಲ್ಲ.

"ಮಿಷಿನ್ ಕೆಟ್ಟಿಲ್ಲ ಕಣಪ್ಪ. ಈಗ ಎಲ್ಲಾ ಕಡೆ ನೀರದೆ. ಅವಕ್ಕೆ ಇಲ್ಲೇನು ಕೆಲ್ಸ?" ಅಂದರು ಅಜ್ಜ.

ನನ್ನನ್ನು ಕರೆದುಕೊಂಡು ಮೇಲಿನ ಬೀಳು ಹೊಲಕ್ಕೆ ಹೋದರು. ಎರಡು ವರ್ಷದಿಂದ ಉತ್ತಿರದ ಜಾಗ ಅದು. ಮಳೆಗೆ ಎಳೆ ಗರಿಕೆ ಬೆರಳುದ್ದ ಚಿಗುರಿತ್ತು. ಬೇಲಿ ಮುರಿದ ಗಂಡಿಯಲ್ಲಿ ಹೊಸ ಹೆಜ್ಜೆಗಳು, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ಇನ್ನೂ ಹೊಳೆಯುವ ಹಸಿ ಹಿಕ್ಕೆ. ಅಲ್ಲಿ ಒಂದು ಕಲ್ಲು ಕಂಬಕ್ಕೆ ಕ್ಯಾಮೆರಾ ಕಟ್ಟಿದೆ. ಮೂರನೇ ರಾತ್ರಿಗೆ ಹದಿನಾಲ್ಕು ಜಿಂಕೆಯ ಹಿಂಡು ಬಂತು.

ಅಲ್ಲಿಂದ ಮುಂದೆ ನನಗೆ ಖಾಲಿ ಕಾರ್ಡು ಕಂಡರೆ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಹೋದ ಸಲ ಕಾರ್ಡ್ ತೆಗೆದಾಗಿನಿಂದ ಮಳೆ ಬಿದ್ದಿದೆಯಾ?

ಜಿಂಕೆ ಯಾವಾಗ ಎಲ್ಲಿ

ಜಿಂಕೆಗೆ ಬೇಕಾದ್ದು ನೀರು, ಮೇವು, ಓಡಲು ಬಯಲು. ಇವುಗಳಲ್ಲಿ ಯಾವುದು ಅಪರೂಪವೋ ಅದರ ಹತ್ತಿರ ಕ್ಯಾಮೆರಾ ಇರಬೇಕು. ಸುಲಭವಾಗಿ ಎಲ್ಲಾ ಕಡೆ ಸಿಗುವ ವಸ್ತುವಿನ ಹತ್ತಿರ ಇಟ್ಟರೆ ಅವು ಅಲ್ಲಿಗೇ ಬರಬೇಕು ಅಂತ ಏನಿದೆ?

ಫೆಬ್ರವರಿಯಿಂದ ಮೊದಲ ಮಳೆಯವರೆಗೆ ನೀರೇ ಅಪರೂಪ. ಕಟ್ಟೆ, ಕೃಷಿ ಹೊಂಡ, ಬೋರ್‌ವೆಲ್ ಪೈಪು ಸೋರಿ ನಿಂತ ಗುಂಡಿ. ಸೋರುವ ಪೈಪನ್ನು ಕಡೆಗಣಿಸಬೇಡಿ. ನನ್ನ ಒಂದು ಒಳ್ಳೇ ಕಡವೆ ಫೋಟೊ ಬಂದದ್ದು ಡ್ರಿಪ್ ಪೈಪಿನ ಕೊನೆಯಲ್ಲಿ. ಕ್ಯಾಮೆರಾವನ್ನು ನೀರಿಗೆ ನೇರವಾಗಿ ತಿರುಗಿಸಬೇಡಿ. ನೀರಿನ ಮೇಲೆ ಬಿಸಿಲು ಕುಣಿದರೆ ಸುಮ್ನೆ ಫೋಟೊ ತೆಗೆಯುತ್ತಾ ಇರುತ್ತದೆ. ನೀರಿಗೆ ಇಳಿಯುವ ಜಾಡಿನ ಮೇಲೆ, ದಡದಿಂದ ಎಂಟು ಹತ್ತು ಮೀಟರ್ ಹಿಂದಕ್ಕೆ ಕಟ್ಟಿ.

ಇದೇ ಕಾಲದಲ್ಲಿ ನೀರಿನ ಜೊತೆ ಇನ್ನೊಂದು ಸೆಳೆತ ಇರುತ್ತದೆ: ಉದುರುವ ಹೂವು, ಹಣ್ಣು, ಕಾಯಿ. ಹುಲ್ಲು ಒಣಗಿ ಹುರಿಯಾದಾಗ ಜಿಂಕೆ ಮರದ ಬುಡಕ್ಕೆ ಬರುತ್ತದೆ. ಮುತ್ತುಗದ ಹೂವು, ಹುಣಸೆಹಣ್ಣು, ಅದಕ್ಕೆ ಸ್ವಲ್ಪ ಮುಂಚೆ ಎಲಚಿ, ಬೆಟ್ಟದ ನೆಲ್ಲಿ. ಮುಸುವ ಕೂತು ತಿನ್ನುವ ಮರವಾದರೆ ಇನ್ನೂ ಒಳ್ಳೆಯದು. ಮುಸುವ ಮೇಲಿಂದ ಅರ್ಧ ತಿಂದು ಎಸೆಯುತ್ತದೆ, ಜಿಂಕೆ ಕೆಳಗೆ ಆಯುತ್ತದೆ. ಚಿರತೆ ಬಂದರೆ ಮುಸುವ ಮೇಲಿಂದ ಕೂಗಿ ಹೇಳುತ್ತದೆ. ನಮ್ಮ ಹೊಲದ ಬದುವಿನ ಹುಣಸೆ ಮರದ ಕೆಳಗೆ ಮಾರ್ಚಿ ತಿಂಗಳು ಪೂರ್ತಿ ಹಗಲಲ್ಲೇ ಜಿಂಕೆ ಸಿಗುತ್ತವೆ.

ಮೊದಲ ಮಳೆ ಬಿದ್ದು ಒಂದು ವಾರಕ್ಕೆ ಕಟ್ಟೆಯ ಕ್ಯಾಮೆರಾ ತೆಗೆದುಬಿಡಿ. ಇನ್ನು ಎಳೆ ಹುಲ್ಲಿನ ಕಾಲ. ಬೀಳು ಹೊಲ, ಹುಲ್ಲುಗಾವಲು, ಉತ್ತು ಬಿಟ್ಟ ಜಮೀನಿನ ಅಂಚು. ನೀರು ಎಲ್ಲೆಡೆ ಇರುವುದರಿಂದ ಹಿಂಡುಗಳು ಚೆದುರುತ್ತವೆ, ಫೋಟೊ ಕಡಿಮೆಯಾಗುತ್ತದೆ. ಇದು ದೋಷ ಅಲ್ಲ. ಬೇಸಿಗೆಯ ಲೆಕ್ಕವನ್ನು ಮಳೆಗಾಲಕ್ಕೆ ಹಿಡಿದು ಜಿಂಕೆ ಕಮ್ಮಿಯಾದವು ಅಂತ ತೀರ್ಮಾನ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಈ ಕಾಲದಲ್ಲಿ ಬಯಲಿನ ನಡುವೆ ಕಟ್ಟಿ ಪ್ರಯೋಜನವಿಲ್ಲ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತವೆ. ಅವು ಹಾದು ಹೋಗಲೇಬೇಕಾದ ಇಕ್ಕಟ್ಟಿನ ಜಾಗ ಹುಡುಕಿ. ಬೇಲಿಯ ಗಂಡಿ, ಹಳ್ಳ ದಾಟುವ ಜಾಗ, ಆನೆ ಟ್ರೆಂಚು ಮಣ್ಣು ಕುಸಿದು ತುಂಬಿದ ಮೂಲೆ, ಎರಡು ಲಂಟಾನ ಪೊದೆಗಳ ನಡುವಿನ ಸಂದು.

ನಮಗೆ ಹಿಂಗಾರು ಮುಖ್ಯ. ಸೆಪ್ಟೆಂಬರಿನಿಂದ ನವೆಂಬರ್ ತನಕ ಜಾಸ್ತಿ ಮಳೆ. ಆಗ ಹುಲ್ಲು ಸೊಂಟ ಮಟ್ಟ ಬೆಳೆದು ಒರಟಾಗುತ್ತದೆ. ಜಿಂಕೆ ಉದ್ದ ಹುಲ್ಲನ್ನು ಇಷ್ಟಪಡುವುದಿಲ್ಲ, ಒಳಗೆ ಏನು ಅಡಗಿದೆ ಅಂತ ಕಾಣುವುದಿಲ್ಲವಲ್ಲ. ದನ ಮೇಯ್ದು ಗಿಡ್ಡವಾದ ಜಾಗ, ಗಾಡಿ ದಾರಿಯ ಅಂಚು, ಹುರುಳಿ, ರಾಗಿಯ ಎಳೆ ಪೈರು, ಇವೇ ಅವಕ್ಕೆ ಬೇಕು. ಕಡವೆ ಮಾತ್ರ ಪೊದೆ, ಇಳಿಜಾರು, ಕತ್ತಲು ಬಿಟ್ಟು ಜಾಸ್ತಿ ಹೊರಗೆ ಬರುವುದಿಲ್ಲ. ಎರಡಕ್ಕೂ ಒಂದೇ ಕ್ಯಾಮೆರಾ ಸಾಕು ಅಂದುಕೊಂಡರೆ ಎರಡೂ ಸರಿಯಾಗಿ ಸಿಗುವುದಿಲ್ಲ. ರಾಗಿ ತೆನೆ ಕಟ್ಟಿದ ಮೇಲೆ ಆನೆ ಬರುವ ಕಾಲ. ಆಗ ನಾನು ಹೊಲದ ಕ್ಯಾಮೆರಾವನ್ನು ಒಳಗೆ ತಂದಿಟ್ಟುಬಿಡುತ್ತೇನೆ. ಕಬ್ಬಿಣದ ಪೆಟ್ಟಿಗೆ ಹಾಕಿ ಬಿಡುವವರೂ ಇದ್ದಾರೆ. ಆನೆಗೆ ಆ ಪೆಟ್ಟಿಗೆ ದೊಡ್ಡ ವಿಷಯವೇನಲ್ಲ.

ಒಂದು ಕೆಲಸ ಯಾವ ಕಾಲದಲ್ಲೂ ಮಾಡಬೇಡಿ. ಫೋಟೊ ಬರಲಿ ಅಂತ ಉಪ್ಪು ಇಡುವುದು, ಹಣ್ಣು ಸುರಿಯುವುದು. ಉಪ್ಪಿಗೆ ಜಿಂಕೆ ಬರುತ್ತದೆ ನಿಜ, ಆನೆಯೂ ಬರುತ್ತದೆ. ಪಕ್ಕದ ಹೊಲದವರ ಬಾಳೆಗೆ ನೀವು ಹೊಣೆಯಾಗುತ್ತೀರಿ.

ಹೆಜ್ಜೆ ಇದೆ, ಫೋಟೊ ಇಲ್ಲ

ಈಗ ನಿಜವಾದ ಕ್ಯಾಮೆರಾ ತೊಂದರೆಗೆ ಬರೋಣ. ಇದಕ್ಕೆ ನನ್ನದೊಂದು ಅಭ್ಯಾಸ ಇದೆ. ಕ್ಯಾಮೆರಾ ಕಟ್ಟಿ ಹೊರಡುವಾಗ ಅದರ ಮುಂದೆ ನಿಧಾನ ನಡೆದು ಹೋಗುತ್ತೇನೆ. ಕಾರ್ಡ್ ತೆಗೆಯಲು ಬಂದಾಗಲೂ ಮೊದಲು ಅದರ ಮುಂದೆ ಒಂದು ಸಲ ನಡೆಯುತ್ತೇನೆ, ಆಮೇಲೆ ಬಾಗಿಲು ತೆರೆಯುತ್ತೇನೆ. ಕಾರ್ಡಿನಲ್ಲಿ ನನ್ನ ಎರಡೂ ಫೋಟೊ ಇದ್ದರೆ ಕ್ಯಾಮೆರಾ ಶುರುವಿನಲ್ಲೂ ಕೊನೆಯಲ್ಲೂ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಮೊದಲನೆಯದಿದೆ, ಎರಡನೆಯದಿಲ್ಲ ಅಂದರೆ ನಡುವೆ ಸತ್ತಿದೆ, ಕೊನೆಯ ಫೋಟೊದ ತಾರೀಕು ನೋಡಿದರೆ ಯಾವಾಗ ಅಂತ ಗೊತ್ತಾಗುತ್ತದೆ. ಎರಡೂ ಇಲ್ಲ ಅಂದರೆ ಆನ್ ಆಗಿಯೇ ಇರಲಿಲ್ಲ, ಇಲ್ಲವೇ ಫೋಟೊ ಕಾರ್ಡಿಗೆ ಹತ್ತಿಲ್ಲ. ಕಾರ್ಡಿನ ಪಕ್ಕದ ಸಣ್ಣ ಲಾಕ್ ಕೆಳಗೆ ಸರಿದಿದೆಯಾ ನೋಡಿ. ಕಾರ್ಡನ್ನು ಫೋನಿನಲ್ಲಿ ಅಲ್ಲ, ಕ್ಯಾಮೆರಾದ ಒಳಗೇ ಫಾರ್ಮ್ಯಾಟ್ ಮಾಡಿ. ಹಳೇ ಮಾಡೆಲ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದದೇ ಇರಬಹುದು.

ನಿಮ್ಮ ಎರಡೂ ಫೋಟೊ ಇದೆ, ಜಿಂಕೆ ಹೆಜ್ಜೆಯೂ ಇದೆ, ಜಿಂಕೆ ಮಾತ್ರ ಇಲ್ಲ. ಆಗ ಎತ್ತರ ನೋಡಿ. ನಾವು ನಿಂತು ಕಟ್ಟುತ್ತೇವೆ, ಹಾಗಾಗಿ ಕ್ಯಾಮೆರಾ ನಮ್ಮ ಎದೆ ಮಟ್ಟಕ್ಕೆ ಹೋಗಿರುತ್ತದೆ. ಮನುಷ್ಯ ಸಿಗುತ್ತಾನೆ, ಜಿಂಕೆ ಕೆಳಗೆ ನುಸುಳುತ್ತದೆ. ಜಿಂಕೆಗೆ ನೆಲದಿಂದ 70–80 ಸೆಂಟಿಮೀಟರ್ ಸಾಕು. ಕಾಡುಕುರಿಗೆ ಮೊಣಕಾಲು ಮಟ್ಟ. ಇಳಿಜಾರಿನಲ್ಲಿ ಕಟ್ಟಿದ್ದರೆ ಕ್ಯಾಮೆರಾವೂ ಇಳಿಜಾರಿಗೆ ತಕ್ಕ ಹಾಗೆ ಬಾಗಿರಬೇಕು. ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಓರೆ ಮಾಡಿ. ಪರೀಕ್ಷೆ ಮಾಡುವಾಗ ನೀವೂ ಬಗ್ಗಿ, ಜಿಂಕೆ ಎತ್ತರಕ್ಕೆ ಬಂದು ನಡೆಯಿರಿ.

ಬಾಲ ಮಾತ್ರ, ಹಿಂಗಾಲು ಮಾತ್ರ ಸಿಗುತ್ತಿದ್ದರೆ ಕೋನದ ತೊಂದರೆ. ಈ ಕ್ಯಾಮೆರಾಗಳ ಸೆನ್ಸರ್ ಮುಂದಿನ ಜಾಗವನ್ನು ಪಟ್ಟಿ ಪಟ್ಟಿಯಾಗಿ ನೋಡುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಿಸಿ ಸರಿದರೆ ಫೋಟೊ ತೆಗೆಯುತ್ತದೆ. ಪ್ರಾಣಿ ಅಡ್ಡ ಹೋದರೆ ಬೇಗ ಗೊತ್ತಾಗುತ್ತದೆ, ನೇರ ಕ್ಯಾಮೆರಾ ಕಡೆಗೇ ಬಂದರೆ ತಡವಾಗಿ ಗೊತ್ತಾಗುತ್ತದೆ. ಪೂರ್ತಿ ಅಡ್ಡ ಕಟ್ಟಿದರೆ ಇನ್ನೊಂದು ಕಷ್ಟ, ಕ್ಯಾಮೆರಾ ಏಳುವಷ್ಟರಲ್ಲಿ ಜಿಂಕೆ ದಾಟಿ ಹೋಗಿರುತ್ತದೆ. ಅದಕ್ಕೆ ಜಾಡಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ನಾಲ್ಕರಿಂದ ಆರು ಮೀಟರ್ ದೂರದಲ್ಲಿ ಕಟ್ಟಿ. ಒಂದು ಸಲಕ್ಕೆ ಮೂರು ಫೋಟೊ ಅಂತ ಇಡಿ.

ಇನ್ನೊಂದು ಕಾರಣ ಬೇಸಿಗೆಯದ್ದೇ. ಸೆನ್ಸರ್ ನೋಡುವುದು ಪ್ರಾಣಿಯ ಮೈ ಬಿಸಿಗೂ ಹಿಂದಿನ ನೆಲದ ಬಿಸಿಗೂ ಇರುವ ವ್ಯತ್ಯಾಸವನ್ನು. ಏಪ್ರಿಲ್ ಮಧ್ಯಾಹ್ನ ಕಲ್ಲು ನೆಲ ಕಾದು ಜಿಂಕೆ ಮೈಯಷ್ಟೇ ಬಿಸಿಯಾದರೆ ಅದಕ್ಕೆ ಜಿಂಕೆ ಕಾಣುವುದೇ ಇಲ್ಲ. ದಿಂಬಂ ಘಾಟಿಯ 27 ತಿರುವು ಇಳಿದು ಭವಾನಿಸಾಗರದ ಕಡೆ ಹೊಲ ಇರುವವರಿಗೆ ಈ ಕಷ್ಟ ನಮಗಿಂತ ಜಾಸ್ತಿ, ಅಲ್ಲಿ ಸೆಕೆ ಅಷ್ಟು. ಬೇಸಿಗೆಯಲ್ಲಿ ಸೆನ್ಸರ್ ಸೂಕ್ಷ್ಮತೆಯನ್ನು ಹೈಗೆ ಇಡಿ, ಹಿಂದೆ ಕಲ್ಲು ಬಂಡೆ ಇರದ, ನೆರಳಿರುವ ಜಾಡು ನೋಡಿ, ದೂರ ಕಡಿಮೆ ಮಾಡಿ. ಮಾಗಿ ಚಳಿಗೆ ಮತ್ತೆ ಮೀಡಿಯಮ್‌ಗೆ ತನ್ನಿ.

ಸಾವಿರ ಫೋಟೊ, ಎಲ್ಲಾ ಹುಲ್ಲು

ಇದು ಜೂನ್‌ನಿಂದ ನವೆಂಬರ್ ತನಕದ ಕಾಯಿಲೆ. ನೀವು ಕಟ್ಟಿದ ದಿನ ಮುಂದೆ ಏನೂ ಇರಲಿಲ್ಲ. ಹದಿನೈದು ದಿನಕ್ಕೆ ಹುಲ್ಲು, ಲಂಟಾನ ಚಿಗುರು ಲೆನ್ಸಿನ ಎತ್ತರಕ್ಕೆ ಬಂದಿರುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಸೆನ್ಸರಿಗೆ ಅದೇ ಪ್ರಾಣಿ.

ಫೋಟೊಗಳ ಹೊತ್ತು ನೋಡಿ, ರೋಗ ತಾನೇ ಹೇಳುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಖಾಲಿ ಫೋಟೊ ಇದ್ದರೆ ಬಿಸಿಲು, ಗಾಳಿ, ಎಲೆ. ನಮ್ಮ ಹೊಲದೊಳಗೆ ಕ್ಯಾಮೆರಾ ಮುಂದಿನ ಹುಲ್ಲನ್ನು ಕುಡುಗೋಲಿನಲ್ಲಿ ನಾಲ್ಕು ಮೀಟರ್ ತನಕ ಸವರಿ. ಬೇಲಿಯಾಚೆ ಕೈ ಹಾಕಬೇಡಿ, ಅದು ಕಾಡು. ಕ್ಯಾಮೆರಾ ಕಟ್ಟಿದ ಮರ ಸಣ್ಣದಿದ್ದರೆ ಗಾಳಿಗೆ ಮರವೇ ತೂಗುತ್ತದೆ, ದಪ್ಪ ಮರಕ್ಕೋ ಕಲ್ಲು ಕಂಬಕ್ಕೋ ಬದಲಿಸಿ. ರಾತ್ರಿ ಹೊತ್ತಿನ ಖಾಲಿ ಫೋಟೊ ಇದ್ದರೆ ಅಳಿಸುವ ಮುಂಚೆ ಇನ್ನೊಂದು ಸಲ ನೋಡಿ. ರಾತ್ರಿ ಬಿಸಿ ಎಲೆ ಇರುವುದಿಲ್ಲ. ಏನೋ ಬಂದು ಹೋಗಿದೆ. ಮೂಲೆಯಲ್ಲಿ ಹೊಳೆಯುವ ಒಂದು ಕಣ್ಣು ಸಿಗಬಹುದು.

ಬೆಳಗಿನ ಬಿಳಿ ಫೋಟೊ

ಒಂದು ಕ್ಯಾಮೆರಾ ಜನವರಿಯಲ್ಲಿ ಚೆನ್ನಾಗಿತ್ತು. ಜೂನ್‌ನಲ್ಲಿ ಬೆಳಿಗ್ಗೆ ಆರೂಕಾಲರಿಂದ ಏಳರವರೆಗಿನ ಫೋಟೊಗಳೆಲ್ಲ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಲೆನ್ಸ್ ಒರೆಸಿದೆ, ಸರಿ ಹೋಗಲಿಲ್ಲ. ಒಂದು ಬೆಳಿಗ್ಗೆ ಅಲ್ಲೇ ಹೋಗಿ ಕ್ಯಾಮೆರಾ ಹಿಂದೆ ತಲೆಯಿಟ್ಟು ಅದು ನೋಡುವ ಕಡೆಯೇ ನೋಡಿದೆ. ಸೂರ್ಯ ನೇರ ಕಣ್ಣಿಗೆ ಹೊಡೆದ.

ಉತ್ತರಾಯಣ, ದಕ್ಷಿಣಾಯನ ನಮಗೆಲ್ಲ ಗೊತ್ತಿರುವುದೇ. ಕ್ಯಾಮೆರಾ ಕಟ್ಟುವಾಗ ಮಾತ್ರ ನೆನಪಿಗೆ ಬರುವುದಿಲ್ಲ. ನಮ್ಮ ಊರು ಇರುವ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸುರಕ್ಷಿತವಾಗಿದ್ದ ಈಶಾನ್ಯದ ಕಡೆಯ ನೋಟ ಜೂನ್‌ನಲ್ಲಿ ಸೂರ್ಯನಿಗೆ ಎದುರಾಗುತ್ತದೆ. ಸಂಜೆಗೆ ಇದೇ ಲೆಕ್ಕ ಪಶ್ಚಿಮದಲ್ಲಿ. ಜಿಂಕೆ ಓಡಾಡುವುದು ಇದೇ ಬೆಳಗು, ಸಂಜೆಯ ಹೊತ್ತಿನಲ್ಲಿ ಅಲ್ವಾ? ಹಾಗಾಗಿ ಸಾಧ್ಯವಿದ್ದರೆ ಕ್ಯಾಮೆರಾ ಮುಖ ನೇರ ಉತ್ತರಕ್ಕೆ ಇರಲಿ. ವರ್ಷಪೂರ್ತಿ ಬೆಳಗಿನ ಸೂರ್ಯನೂ ಸಂಜೆಯ ಸೂರ್ಯನೂ ಅದರ ನೋಟದೊಳಗೆ ಬರುವುದಿಲ್ಲ.

ಇದರಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಜನವರಿಯಲ್ಲಿ ಮರದ ಉತ್ತರ ಬದಿ ನೆರಳು, ಮೇ ತಿಂಗಳಲ್ಲಿ ಅದೇ ಬದಿಗೆ ಬಿಸಿಲು. ಮೇಲೆ ಕೊಂಬೆ ಇರದ ಕಂಬಕ್ಕೆ ಕಟ್ಟಿದ ಕ್ಯಾಮೆರಾ ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ, ಸೆನ್ಸರ್ ಕುರುಡಾಗುತ್ತದೆ. ಅಡಿಕೆ ಹಾಳೆಯನ್ನೋ ಹಳೇ ತಗಡನ್ನೋ ಮೇಲೆ ಸೂರಿನ ಹಾಗೆ ಕಟ್ಟಿ. ಮಳೆಗೂ ಆಯಿತು.

ಹಗಲು ಸರಿ, ರಾತ್ರಿ ಇಲ್ಲ

ಹಗಲಿನ ಫೋಟೊ ಚೆನ್ನಾಗಿ ಬಂದು ರಾತ್ರಿಯದು ಕಪ್ಪಾಗಿದ್ದರೆ, ಅಥವಾ ಬರದೇ ಇದ್ದರೆ, ನೂರಕ್ಕೆ ತೊಂಬತ್ತು ಪಾಲು ಸೆಲ್. ರಾತ್ರಿ ಫ್ಲಾಶಿಗೆ ಕರೆಂಟು ಜಾಸ್ತಿ ಬೇಕು. ಸೋತ ಸೆಲ್ ಹಗಲಿನ ಕೆಲಸವನ್ನು ಹೇಗೋ ನಡೆಸುತ್ತದೆ, ರಾತ್ರಿ ಕೈ ಬಿಡುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಪೆನ್ಸಿಲ್ ಸೆಲ್ ಇದಕ್ಕೆ ಆಗುವುದಿಲ್ಲ. ಆಲ್ಕಲೈನ್ ಹಾಕಿ, ಚಳಿಗಾಲಕ್ಕೆ ಲಿಥಿಯಂ ಇನ್ನೂ ಒಳ್ಳೆಯದು. ಎಂಟು ಸೆಲ್‌ನಲ್ಲಿ ಒಂದು ಸತ್ತರೂ ಉಳಿದ ಏಳನ್ನು ಎಳೆಯುತ್ತದೆ. ಮಲ್ಟಿಮೀಟರ್‌ನಲ್ಲಿ ಒಂದೊಂದಾಗಿ ನೋಡಿ, ಹಳತು ಹೊಸತು ಬೆರೆಸಬೇಡಿ. ರೀಚಾರ್ಜ್ ಸೆಲ್ 1.2 ವೋಲ್ಟಿನದ್ದು, ಕೆಲವು ಕ್ಯಾಮೆರಾ ಅದನ್ನು ಮೊದಲ ದಿನವೇ ಖಾಲಿ ಅಂತ ತೋರಿಸುತ್ತದೆ. ಮೆನುವಿನಲ್ಲಿ ಸೆಲ್ ಯಾವ ತರದ್ದು ಅಂತ ಆರಿಸುವ ಜಾಗ ಇದ್ದರೆ ಸರಿಪಡಿಸಿ.

ರಾತ್ರಿ ಫೋಟೊದಲ್ಲಿ ಮುಂದೆ ಒಂದು ಎಲೆ ಬೆಳ್ಳಗೆ ಉರಿಯುತ್ತಾ ಹಿಂದೆಲ್ಲ ಕಪ್ಪಾಗಿದ್ದರೆ ಸೆಲ್ ಬದಲಿಸಬೇಡಿ. ಆ ಎಲೆ ಕೀಳಿ. ಹತ್ತಿರದ ಎಲೆಗೆ ಫ್ಲಾಶ್ ಬಡಿದು ವಾಪಸ್ ಬಂದಿದೆ. ಜೇಡರ ಬಲೆಯೂ ಇದೇ ತರ ಮಾಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಫೋಟೊ ಮಬ್ಬಾಗಿದ್ದರೆ ಮಂಜು. ಲೆನ್ಸ್ ಮೇಲೆ ಬೆರಳಾಡಿಸಿ. ಒರೆಸಿದರೆ ಹೋಯಿತಾ, ಹೊರಗಿನ ಇಬ್ಬನಿ, ಸುಮ್ನೆ ಬಿಡಿ. ಹೋಗಲಿಲ್ಲ ಅಂದರೆ ನೀರಿನ ಪಸೆ ಒಳಗಿದೆ. ಬಾಗಿಲಿನ ರಬ್ಬರ್ ಸುತ್ತ ಮಣ್ಣು, ಕೂದಲು, ಇರುವೆ ಮೊಟ್ಟೆ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ ಒರೆಸಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಒಳಗಿಡಿ.

ಫೋಟೊದಲ್ಲಿ ಮಧ್ಯಾಹ್ನ ಎರಡು ಗಂಟೆ ಅಂತಿದೆ, ಚಿತ್ರ ಕಗ್ಗತ್ತಲು. ಸೆಲ್ ತೆಗೆದಾಗ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ, ಅಥವಾ ಹಗಲು ರಾತ್ರಿ ಅದಲು ಬದಲಾಗಿರುತ್ತದೆ. ಫೋಟೊ ಬಂತಲ್ಲ ಅಂತ ಬಿಡಬೇಡಿ. ಕಾವಲಿಗೆ ಕೂರುವ ಹೊತ್ತನ್ನು ನಾವು ಇದರಿಂದಲೇ ಲೆಕ್ಕ ಹಾಕುವುದು.

ಜಾಗ ಬದಲಿಸುವಾಗ

ಹೊಸ ಜಾಗದಲ್ಲಿ ಜನ ಓಡಾಡುವ ದಾರಿ ಇದೆಯಾ ನೋಡಿಕೊಳ್ಳಿ. ಹೆಂಗಸರು ಸೌದೆಗೆ, ಬಯಲಿಗೆ ಹೋಗುವ ಹಾದಿಯ ಕಡೆ ಕ್ಯಾಮೆರಾ ತಿರುಗಿಸಬಾರದು. ಪಕ್ಕದ ಮನೆ ಅಕ್ಕನವರಿಗೆ, ದನ ಕಾಯುವ ಹುಡುಗರಿಗೆ ಇಂಥಾ ಕಡೆ ಕಟ್ಟಿದ್ದೇನೆ ಅಂತ ಮೊದಲೇ ಹೇಳಿಬಿಡಿ. ಹೇಳಿ ಕಟ್ಟಿದ ನನ್ನ ಕ್ಯಾಮೆರಾ ಇದುವರೆಗೆ ಕಳುವಾಗಿಲ್ಲ. ಹುಲಿಯೋ ಚಿರತೆಯೋ ಸಿಕ್ಕರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಜಾಗದ ಹೆಸರು ಹಾಕಿ ಫೋನಿನಲ್ಲಿ ಹಂಚಬೇಡಿ.

ಕಟ್ಟಿದ ಮೇಲೆ ದಿನಾ ಹೋಗಿ ನೋಡಬೇಡಿ. ನಮ್ಮ ವಾಸನೆ ಅಲ್ಲಿ ಉಳಿಯುತ್ತದೆ. ಎಂಟು ಹತ್ತು ದಿನ ಬಿಡಿ. ಹೋಗುವುದಾದರೆ ಮಧ್ಯಾಹ್ನ ಹೋಗಿ, ಜಿಂಕೆ ನೆರಳಲ್ಲಿ ಮಲಗಿ ಮೆಲುಕು ಹಾಕುವ ಹೊತ್ತಲ್ಲಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಕು, ಮರ, ಮುಖ ಯಾವ ದಿಕ್ಕಿಗೆ, ಮಳೆ ಬಿತ್ತಾ ಇಲ್ವಾ, ನೆಲದಲ್ಲಿ ಏನು ಕಂಡಿತು. ಮುಂದಿನ ವರ್ಷ ಅದೇ ವಾರ ಬಂದಾಗ ಹುಡುಕುವ ಕೆಲಸ ಅರ್ಧ ಕಮ್ಮಿಯಾಗುತ್ತದೆ. ನನ್ನ ಬುಕ್ಕಿನಲ್ಲಿ ಆ ವರ್ಷದ ಸಾಲು ಹೀಗಿದೆ: "ಮೇ 21. ಕಟ್ಟೆಯಿಂದ ತೆಗೆದು ಬೀಳು ಹೊಲದ ಗಂಡಿಗೆ, ಕಲ್ಲು ಕಂಬ, ಮುಖ ಉತ್ತರ. ಭರಣಿ ಆಯಿತು. ಹೊಸ ಹೆಜ್ಜೆ, ಹಸಿ ಹಿಕ್ಕೆ. ಅಜ್ಜ ತೋರಿಸಿದ್ದು."